ಎರಡು ಬುಟ್ಟಿಯ ಏರ್ ಫ್ರೈಯರ್: ಪದೇ ಪದೇ ಕೇಳುವ ಪ್ರಶ್ನೆಗಳು

ಏರ್ ಫ್ರೈಯರ್ ಕೊಂಡವರು ಮೊದಲು ಆಲೂಗಡ್ಡೆ ಮಾಡುತ್ತಾರೆ. ಆಮೇಲೆ ಬಜ್ಜಿಗೆ ಕೈ ಹಾಕುತ್ತಾರೆ. ಅದಾದ ಮೇಲೆ ಫೋನ್ ಮಾಡುತ್ತಾರೆ. ನೆಂಟರು, ಪಕ್ಕದ ಮನೆಯವರು, ಆಫೀಸಿನವರು ಕೇಳುತ್ತಾ ಬಂದ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಲ್ಲಿ ಹಾಕಿದ್ದೇನೆ. ಕೆಳಗಿರುವ ಡಿಗ್ರಿ, ನಿಮಿಷ ಎಲ್ಲ ಶುರು ಮಾಡುವುದಕ್ಕೆ ಒಂದು ಅಂದಾಜು ಅಷ್ಟೇ. ಮೆಷಿನ್‌ನಿಂದ ಮೆಷಿನ್‌ಗೆ ಮೂರ್ನಾಲ್ಕು ನಿಮಿಷ ಆಚೀಚೆ ಆಗುತ್ತದೆ, ಮೊದಲ ಸಲ ಮಾಡುವಾಗ ನಡುವೆ ತೆರೆದು ನೋಡಿ.

## ಕೊಳ್ಳುವ ಮುಂಚೆ, ಕೊಂಡ ದಿನ

ಕರಿದ ರುಚಿ ಬರುತ್ತಾ ಇಲ್ವಾ? ಒಂದೇ ಮಾತಲ್ಲಿ ಹೇಳಿ.

ಬರಲ್ಲ. ಹುರಿದ ರುಚಿ, ಬೇಕ್ ಮಾಡಿದ ರುಚಿ ಬರುತ್ತದೆ, ಅದೂ ಚೆನ್ನಾಗಿಯೇ ಇರುತ್ತದೆ. ಒಳಗಿರುವುದು ಮೇಲೆ ಒಂದು ಹೀಟರ್ ಕಾಯಿಲ್, ಅದರ ಮೇಲೊಂದು ಜೋರಾದ ಫ್ಯಾನ್. ಬುಟ್ಟಿಯಲ್ಲಿ ತೂತಿನ ತಟ್ಟೆ ಇರುವುದು ಗಾಳಿ ಕೆಳಗಿನಿಂದಲೂ ಸುತ್ತಿ ಬರಲಿ ಅಂತ. ಕಾದ ಎಣ್ಣೆ ಪದಾರ್ಥದ ಸುತ್ತ ಒಂದೇ ಸಲ ಬಿಸಿ ತಾಗಿಸುತ್ತದೆ, ಗಾಳಿಗೆ ಆ ಶಕ್ತಿ ಇಲ್ಲ. ಅದು ನಿಧಾನವಾಗಿ ಮೇಲ್ಮೈಯನ್ನು ಒಣಗಿಸಿ ಕೆಂಪಗೆ ಮಾಡುತ್ತದೆ. ಇದೊಂದು ಮನಸ್ಸಿನಲ್ಲಿದ್ದರೆ ಯಾವುದು ಆಗುತ್ತೆ, ಯಾವುದು ಆಗಲ್ಲ ಅಂತ ನೀವೇ ಊಹಿಸಬಹುದು.

ಒಂದು ದೊಡ್ಡ ಬುಟ್ಟಿಯದು ತಗೊಳ್ಳೋದಾ, ಎರಡು ಬುಟ್ಟಿಯದಾ?

ಎರಡು ಬುಟ್ಟಿಯದು ಅಂದರೆ ಒಂದೇ ಡಬ್ಬಿಯಲ್ಲಿ ಎರಡು ಪುಟ್ಟ ಒವನ್. ಎರಡಕ್ಕೂ ಬೇರೆ ಕಾಯಿಲ್, ಬೇರೆ ಫ್ಯಾನ್, ಬೇರೆ ಟೈಮರ್. ಡಬ್ಬಿಯ ಮೇಲೆ 8 ಅಥವಾ 9 ಲೀಟರ್ ಅಂತ ಬರೆದಿದ್ದರೆ ಅದು ಎರಡೂ ಸೇರಿ. ಒಂದೊಂದು ಬುಟ್ಟಿ ನಾಲ್ಕು, ನಾಲ್ಕೂವರೆ ಲೀಟರ್, ಅದೂ ಉದ್ದಕ್ಕೆ, ಅಗಲ ಕಡಿಮೆ. ಇಡೀ ಕೋಳಿ, ದೊಡ್ಡ ಕೇಕ್ ಟಿನ್, ಅಗಲವಾದ ಪಿಜ್ಜಾ ಇದರಲ್ಲಿ ಹಿಡಿಯುವುದು ಕಷ್ಟ. ಮನೆಯಲ್ಲಿ ಇಬ್ಬರೇ ಇದ್ದರೆ ಒಂದು ಬುಟ್ಟಿಯದು ಸಾಕು, ಜಾಗವೂ ಉಳಿಯುತ್ತದೆ. ನಾಲ್ಕು ಜನ ಇದ್ದು, ಒಬ್ಬೊಬ್ಬರಿಗೆ ಒಂದೊಂದು ಬೇಕು ಅನ್ನುವ ಮನೆಯಾದರೆ ಎರಡು ಬುಟ್ಟಿ ಉಪಯೋಗಕ್ಕೆ ಬರುತ್ತದೆ.

ನಡುವೆ ತೆಗೆದು ಹಾಕುವ ಅಡ್ಡಪಟ್ಟಿ ಇರುವ ಮಾದರಿಯೂ ಇದೆ. ಪಟ್ಟಿ ತೆಗೆದರೆ ಒಂದು ದೊಡ್ಡ ಬುಟ್ಟಿ. ಆದರೆ ಪಟ್ಟಿ ಇದ್ದರೂ ಗಾಳಿ, ವಾಸನೆ ಸ್ವಲ್ಪ ಆಚೀಚೆ ಹೋಗುತ್ತದೆ.

ಮಿಕ್ಸಿ ಹಾಕೋ ಪಾಯಿಂಟ್‌ಗೆ ಹಾಕಬಹುದಾ?

ಬೇಡ. ನಮ್ಮ ಮನೆಗಳ ಸಣ್ಣ ಪಾಯಿಂಟ್ 6 ಆಂಪಿಯರ್‌ದು. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ ಸುಮಾರು 1,380 ವ್ಯಾಟ್‌ವರೆಗೆ ಮಾತ್ರ. ಎರಡು ಬುಟ್ಟಿಯ ಮೆಷಿನ್‌ಗಳು ಸಾಮಾನ್ಯವಾಗಿ 1,700 ವ್ಯಾಟ್ ದಾಟುತ್ತವೆ, ಕೆಲವು 2,400ಕ್ಕೂ ಹೋಗುತ್ತವೆ. ಗೀಸರ್‌ಗೆ, ಏಸಿಗೆ ಬಳಸುವಂಥ 16 ಆಂಪಿಯರ್ ದಪ್ಪ ಪಾಯಿಂಟ್ ಬೇಕು. ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಹಾಕಬೇಡಿ. ಪ್ಲಗ್ ಮುಟ್ಟಿದರೆ ಸುಡುತ್ತಿದೆ ಅಂದರೆ ಅವತ್ತೇ ನಿಲ್ಲಿಸಿ ಎಲೆಕ್ಟ್ರೀಷಿಯನ್‌ನ ಕರೆಸಿ. ಮನೆಯ ಯುಪಿಎಸ್ ಇದನ್ನು ಎಳೆಯುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋಗಿ ಜನರೇಟರ್ ಬಂದಾಗಲೂ ಆನ್ ಮಾಡಬೇಡಿ. ಒಂದೊಂದು ಫ್ಲ್ಯಾಟಿಗೆ ಕೊಡುವ ಬ್ಯಾಕಪ್ ಲೋಡ್ ಕಡಿಮೆ, ಟ್ರಿಪ್ ಆಗಿ ಇಡೀ ಮನೆ ಕತ್ತಲಾಗುತ್ತದೆ.

ಕರೆಂಟ್ ಬಿಲ್ ಜಾಸ್ತಿ ಬರುತ್ತಾ?

ಹೆದರುವಷ್ಟು ಇಲ್ಲ. 2,000 ವ್ಯಾಟ್ ಮೆಷಿನ್ 20 ನಿಮಿಷ ಪೂರ್ತಿ ಎಳೆದರೂ ಮುಕ್ಕಾಲು ಯೂನಿಟ್ ಒಳಗೇ. ಕಾದ ಮೇಲೆ ಕಾಯಿಲ್ ಆಗಾಗ ಆಫ್ ಆಗುವುದರಿಂದ ನಿಜಕ್ಕೂ ಅದಕ್ಕಿಂತ ಕಡಿಮೆ. ನಾಲ್ಕು ಬೆಂಡೆಕಾಯಿಗೆ ಎರಡೂ ಬುಟ್ಟಿ ಉರಿಸದಿದ್ದರೆ ಸಾಕು.

ಎಲ್ಲಿ ಇಡೋದು? ಕಟ್ಟೆ ಮೇಲೆ ಜಾಗಾನೇ ಇಲ್ಲ.

ಹಿಂದಿನಿಂದ ಬಿಸಿಗಾಳಿ ಬರುತ್ತದೆ, ಗೋಡೆಯಿಂದ ಒಂದು ಗೇಣು ಬಿಡಿ. ಗ್ಯಾಸ್ ಒಲೆಯ ಮೇಲೆ ಮಾತ್ರ ಇಡಬೇಡಿ, ಒಲೆ ಆಫ್ ಇದ್ದರೂ ಬೇಡ. ಗೊತ್ತಿಲ್ಲದೆ ಯಾರಾದರೂ ನಾಬ್ ತಿರುಗಿಸಿದರೆ ಮುಗೀತು. ಹೊಸ ಮೆಷಿನ್‌ನ ಪ್ಲಾಸ್ಟಿಕ್ ವಾಸನೆ ಹೋಗಲು ಖಾಲಿ ಬುಟ್ಟಿ ಹಾಕಿ 200 ಡಿಗ್ರಿಯಲ್ಲಿ ಹತ್ತು ನಿಮಿಷ ಓಡಿಸಿ, ಕಿಟಕಿ ತೆರೆದಿರಲಿ.

## ಗರಿಗರಿ ಆಗ್ತಿಲ್ಲ ಅನ್ನುವವರಿಗೆ

ಆಲೂಗಡ್ಡೆ ಪಲ್ಯದ ಥರ ಮೆತ್ತಗೇ ಇರುತ್ತೆ. ಎಷ್ಟು ಹೊತ್ತು ಇಟ್ಟರೂ ಅಷ್ಟೇ. ಯಾಕೆ?

ಬುಟ್ಟಿ ತುಂಬಿಸಿದ್ದೀರಿ, ಅದಕ್ಕೆ. ಹತ್ತರಲ್ಲಿ ಒಂಬತ್ತು ದೂರಿಗೆ ಇದೇ ಉತ್ತರ. ತರಕಾರಿಯಲ್ಲಿ ನೀರಿದೆ. ಬಿಸಿ ತಾಗಿದಾಗ ಆ ನೀರು ಆವಿಯಾಗಿ ಹೊರಗೆ ಹೋಗಬೇಕು. ಒಂದರ ಮೇಲೊಂದು ಪೇರಿಸಿದರೆ ಆವಿ ಅಲ್ಲಲ್ಲೇ ಸಿಕ್ಕಿಹಾಕಿಕೊಂಡು ಕೆಳಗಿನದೆಲ್ಲ ಬೇಯುತ್ತದೆ, ಮೇಲಿನದು ಮಾತ್ರ ಕೆಂಪಾಗುತ್ತದೆ.

ಎರಡು ಬುಟ್ಟಿ ಇರುವುದು ಎರಡು ಬೇರೆ ಅಡುಗೆಗೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದರ ದೊಡ್ಡ ಉಪಯೋಗ ಒಂದೇ ಅಡುಗೆಯನ್ನು ಎರಡು ಕಡೆ ತೆಳ್ಳಗೆ ಹರಡುವುದು. ಅರ್ಧ ಕೆಜಿ ಆಲೂಗಡ್ಡೆಯನ್ನು ಒಂದು ಬುಟ್ಟಿಗೆ ಸುರಿಯುವ ಬದಲು ಕಾಲು ಕಾಲು ಕೆಜಿ ಎರಡಕ್ಕೂ ಹಾಕಿ ನೋಡಿ, ವ್ಯತ್ಯಾಸ ಮೊದಲ ಸಲವೇ ಗೊತ್ತಾಗುತ್ತದೆ.

ಹೆಚ್ಚಿದ ಆಲೂಗಡ್ಡೆಯನ್ನು ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಬಟ್ಟೆಯಲ್ಲಿ ಪೂರ್ತಿ ಒರೆಸಿ. ಒರೆಸದೇ ಹಾಕಿದರೆ ನೆನೆಸಿದ್ದೂ ದಂಡ. ಎರಡು ಚಹಾ ಚಮಚ ಎಣ್ಣೆ ಹಾಕಿ ಕೈಯಲ್ಲೇ ಕಲಸಿ, 190 ಡಿಗ್ರಿಯಲ್ಲಿ 18ರಿಂದ 22 ನಿಮಿಷ. ಎರಡು ಸಲ ಬುಟ್ಟಿ ಎಳೆದು ಕುಲುಕಿ. ಉಪ್ಪು ಕೊನೆಗೆ.

ಎಣ್ಣೆ ಬೇಡವೇ ಬೇಡ ಅಂತ ಹೇಳಿ ಮಾರಿದ್ರು. ನಿಮ್ಮದೇನು ಎಣ್ಣೆ ಎಣ್ಣೆ ಅಂತ?

ಎಣ್ಣೆ ಇಲ್ಲದೆ ಬೇಯುತ್ತದೆ, ಆದರೆ ಬಣ್ಣ ಬರುವುದಿಲ್ಲ. ಹಿಟ್ಟು, ರವೆ ಅಂಟಿಸಿದ ಪದಾರ್ಥದ ಮೇಲೆ ಎಣ್ಣೆ ಇಲ್ಲದಿದ್ದರೆ ಅದು ಒಣ ಹಿಟ್ಟಾಗಿಯೇ ಉಳಿಯುತ್ತದೆ. ಫ್ರೋಜನ್ ಫ್ರೈಸ್, ಫ್ರೋಜನ್ ಸಮೋಸಕ್ಕೆ ಹಾಕಬೇಕಿಲ್ಲ, ಕಾರ್ಖಾನೆಯಲ್ಲೇ ಅರ್ಧ ಕರಿದಿರುತ್ತಾರೆ. ಕರಗಿಸದೇ ಹಾಗೇ ಬುಟ್ಟಿಗೆ ಹಾಕಿ. ಮನೆಯಲ್ಲಿ ಮಾಡಿದ್ದಕ್ಕೆ ಒಂದು ಬ್ರಶ್ ಇಟ್ಟುಕೊಂಡು ತೆಳ್ಳಗೆ ಸವರಿ. ಮಾಮೂಲಿ ಸ್ಪ್ರೇ ಬಾಟಲಿಗೆ ಮನೆಯ ಕಡಲೆಕಾಯಿ ಎಣ್ಣೆ ತುಂಬಿಸಿಕೊಂಡರೂ ಸರಿ. ಅಂಗಡಿಯಲ್ಲಿ ಸಿಗುವ ಒತ್ತಡದ ಡಬ್ಬಿಯ ಸ್ಪ್ರೇ ಮಾತ್ರ ಬೇಡ, ಅದರಲ್ಲಿ ಸೇರಿಸಿರುವ ಲೆಸಿಥಿನ್ ಅನ್ನುವ ಪದಾರ್ಥ ಕಾದು ಕೋಟಿಂಗ್ ಮೇಲೆ ಅಂಟಾಗಿ ಕೂತು ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಮೊದಲೇ ಕಾಯಿಸಬೇಕಾ?

ಕಟ್ಲೆಟ್, ಮೀನು, ಬಿಸ್ಕತ್ತಿಗೆ ಮೂರು ನಿಮಿಷ ಕಾಯಿಸಿದರೆ ತಳ ಅಂಟುವುದಿಲ್ಲ. ಮಿಕ್ಕಿದ್ದಕ್ಕೆ ಬೇಕಿಲ್ಲ, ಎರಡು ನಿಮಿಷ ಜಾಸ್ತಿ ಇಟ್ಟರಾಯಿತು.

ಮಸಾಲೆ ಮೇಲೆ ಸೀದು ಕಪ್ಪಾಗುತ್ತೆ, ಒಳಗೆ ನೋಡಿದರೆ ಹಸಿ. ಏನ್ ಮಾಡೋದು?

ಖಾರದ ಪುಡಿ, ಗರಂ ಮಸಾಲೆ ಒಣಗಿದ್ದಾಗ ಬಿಸಿಗಾಳಿಗೆ ಬೇಗ ಸೀಯುತ್ತವೆ. ಎಣ್ಣೆಯಲ್ಲೋ ಮೊಸರಿನಲ್ಲೋ ಕಲಸಿ ಹಚ್ಚಿ. ಬೆಲ್ಲ, ಜೇನುತುಪ್ಪ, ಸಾಸ್ ಏನಿದ್ದರೂ ಕೊನೆಯ ಮೂರು ನಿಮಿಷಕ್ಕೆ. ಎಲ್ಲದಕ್ಕೂ 200 ಡಿಗ್ರಿ ಇಡುವ ಅಭ್ಯಾಸ ಬಿಡಿ. ದಪ್ಪ ತುಂಡಿಗೆ 170ರಲ್ಲಿ ಬೇಯಿಸಿ, ಕೊನೆಗೆ ಮೂರು ನಿಮಿಷ 200ಕ್ಕೆ ಏರಿಸಿ ಬಣ್ಣ ಬರಿಸಿ. ಕೋಳಿಗೆ ನೋಡಿ ಅಂದಾಜು ಮಾಡುವುದಕ್ಕಿಂತ ಒಂದು ಅಡುಗೆ ಥರ್ಮಾಮೀಟರ್ ಒಳ್ಳೆಯದು. ಮೂಳೆಗೆ ತಾಗದಂತೆ ದಪ್ಪ ಭಾಗಕ್ಕೆ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು.

## ನಮ್ಮ ತಿಂಡಿಗಳು

ಬಜ್ಜಿ, ಬೋಂಡ ಯಾಕೆ ಬರಲ್ಲ?

ನೀರಾದ ಹಿಟ್ಟು ಗಟ್ಟಿಯಾಗುವ ಮುಂಚೆಯೇ ತೂತಿನಿಂದ ಕೆಳಗೆ ಸುರಿದುಹೋಗುತ್ತದೆ. ಉಳಿದದ್ದನ್ನು ಫ್ಯಾನ್ ತಳ್ಳಿ ಒಂದು ಪಕ್ಕಕ್ಕೆ ಬಾಲ ಬರಿಸುತ್ತದೆ. ಬೇಕಿಂಗ್ ಕಾಗದದ ಮೇಲೆ ಹಾಕಿದರೆ ಬರುತ್ತೆ ಅಂತ ಕೆಲವರು ಹೇಳುತ್ತಾರೆ. ಬರುತ್ತೆ, ಚಪ್ಪಟೆಯಾಗಿ, ಒಣ ಕಡಲೆಹಿಟ್ಟಿನ ರುಚಿಯಲ್ಲಿ. ಮಳೆ ಬರುವಾಗ ಮೆಣಸಿನಕಾಯಿ ಬಜ್ಜಿ ತಿನ್ನಬೇಕು ಅನಿಸಿದರೆ ದಯವಿಟ್ಟು ಬಾಣಲೆ ಇಡಿ. ಉದ್ದಿನ ವಡೆ, ಮಂಗಳೂರು ಗೋಳಿಬಜೆಗೂ ಇದೇ ಮಾತು. ಆದರೆ ನಿನ್ನೆಯ ವಡೆ, ತಣ್ಣಗಾದ ಬೋಂಡ ಮತ್ತೆ ಬಿಸಿ ಮಾಡಲು 160 ಡಿಗ್ರಿಯಲ್ಲಿ ನಾಲ್ಕು ನಿಮಿಷ ಇಡಿ. ಮೈಕ್ರೋವೇವ್‌ನಲ್ಲಿ ರಬ್ಬರ್ ಆಗುವುದು ಇದರಲ್ಲಿ ಗರಿಗರಿಯಾಗಿ ಬರುತ್ತದೆ.

ಹಾಗಾದ್ರೆ ಏನೇನು ಚೆನ್ನಾಗಿ ಬರುತ್ತೆ ಹೇಳಿ.

ಬೆಂಡೆಕಾಯಿ ಮೊದಲ ಸ್ಥಾನ. ಉದ್ದಕ್ಕೆ ಸೀಳಿ, ಎಣ್ಣೆ, ಅರಿಶಿನ, ಖಾರದ ಪುಡಿ ಕಲಸಿ 180ರಲ್ಲಿ 12 ನಿಮಿಷ. ಲೋಳೆ ಪೂರ್ತಿ ಒಣಗುತ್ತದೆ, ಸಾರನ್ನಕ್ಕೆ ಇಷ್ಟಿದ್ದರೆ ಬೇರೆ ಪಲ್ಯ ಬೇಡ. ಹಾಗಲಕಾಯಿಯನ್ನು ತೆಳ್ಳಗೆ ಬಿಲ್ಲೆ ಹೆಚ್ಚಿ, ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು ಹಿಂಡಿ ಹಾಕಿ. ಸುವರ್ಣಗೆಡ್ಡೆ, ಬಾಳೆಕಾಯಿ, ಹುಣಸೆರಸ ಸವರಿದ ಕೆಸುವಿನ ಗೆಡ್ಡೆ, ಇವಕ್ಕೆಲ್ಲ ಅಕ್ಕಿಹಿಟ್ಟು ಸ್ವಲ್ಪ ಉದುರಿಸಿ ಮೇಲೆ ಎಣ್ಣೆ ಸವರಿದರೆ ತವಾ ಫ್ರೈಗೆ ಸಮನಾಗಿ ಬರುತ್ತವೆ.

ಕಡಲೆಕಾಯಿ ಬೀಜ 160ರಲ್ಲಿ ಎಂಟರಿಂದ ಹತ್ತು ನಿಮಿಷ, ನಡುವೆ ಕುಲುಕಬೇಕು. ಆಮೇಲೆ ಸಿಪ್ಪೆ ತಿಕ್ಕಿ, ಅರಿಶಿನ, ಇಂಗು, ಮೆಣಸಿನಪುಡಿ, ಕರಿಬೇವಿನ ಒಗ್ಗರಣೆ ಕೊಟ್ಟರೆ ಕಾಂಗ್ರೆಸ್ ಕಡಲೆಕಾಯಿ ತಯಾರು. ಗೊಜ್ಜಿಗೆ ಬದನೆಕಾಯಿ ಸುಡುವುದಿದ್ದರೆ ನಾಲ್ಕು ಕಡೆ ಚುಚ್ಚಿ, ಎಣ್ಣೆ ಸವರಿ 200ರಲ್ಲಿ 20ರಿಂದ 25 ನಿಮಿಷ. ಚುಚ್ಚದಿದ್ದರೆ ಸಿಡಿಯಬಹುದು. ಕೆಂಡದ ಹೊಗೆ ವಾಸನೆ ಬರುವುದಿಲ್ಲ, ಅದು ಬೇಕೇ ಬೇಕು ಅನ್ನುವವರು ಕೊನೆಗೆ ಒಂದು ನಿಮಿಷ ಗ್ಯಾಸ್ ಉರಿಗೆ ಹಿಡಿಯಿರಿ.

ಗಟ್ಟಿ ಹಿಟ್ಟಿನ ತಿಂಡಿಗಳೂ ಪರವಾಗಿಲ್ಲ. ಅಂಬೊಡೆ ತೆಳ್ಳಗೆ ತಟ್ಟಿ ಎರಡೂ ಕಡೆ ಎಣ್ಣೆ ಸವರಿ 180ರಲ್ಲಿ 15 ನಿಮಿಷ, ಅರ್ಧಕ್ಕೆ ಮಗುಚಿ. ಮದ್ದೂರು ವಡೆಯ ಹಿಟ್ಟಿಗೆ ಕಾದ ಎಣ್ಣೆ ಹಾಕಿಯೇ ಕಲಸುತ್ತೇವಲ್ಲ, ಅದರಿಂದ ಅದು ಅಂಬೊಡೆಗಿಂತ ಚೆನ್ನಾಗಿ ಬರುತ್ತದೆ.

ಚಕ್ಕುಲಿ, ಕೋಡುಬಳೆ ಮಾಡಿ ನೋಡಿದ್ದೀರಾ? ಗೌರಿ ಹಬ್ಬಕ್ಕೆ ಮಾಡೋಣ ಅಂತ.

ಹಬ್ಬಕ್ಕೆ ಬೇಡ. ಚಕ್ಕುಲಿ ಎಣ್ಣೆಗೆ ಬಿದ್ದಾಗ ನೀರು ಒಮ್ಮೆಲೇ ಆವಿಯಾಗಿ ಒಳಗೆ ಸಣ್ಣ ಸಣ್ಣ ಟೊಳ್ಳು ಬಿಡುತ್ತದೆ, ಬಾಯಲ್ಲಿಟ್ಟರೆ ಪುಡಿಯಾಗುವುದು ಅದರಿಂದ. ಗಾಳಿಯಲ್ಲಿ ನಿಧಾನಕ್ಕೆ ಒಣಗಿ ಗಟ್ಟಿಯಾಗುತ್ತದೆ, ಅಜ್ಜಿ ತಾತ ಇರುವ ಮನೆಯಲ್ಲಿ ಕೊಡುವಂತಿಲ್ಲ. ನಿಪ್ಪಟ್ಟು ಮಾತ್ರ ಒಂದು ಮಟ್ಟಿಗೆ ಒಪ್ಪಬಹುದು. ಹಿಟ್ಟಿಗೆ ಕಾದ ಎಣ್ಣೆ ಧಾರಾಳ ಹಾಕಿ, ತೆಳ್ಳಗೆ ತಟ್ಟಿ, 160ರಲ್ಲಿ 12ರಿಂದ 15 ನಿಮಿಷ.

ಹಪ್ಪಳ ಹಾರಿಹೋಗಿ ಮೇಲೆ ಅಂಟಿಕೊಂಡು ಸುಟ್ಟಿತು!

ಹಗುರದ್ದೆಲ್ಲ ಹಾರುತ್ತದೆ. ಕರಿಬೇವು, ಒಣಮೆಣಸಿನಕಾಯಿ, ಹಪ್ಪಳ ಎಲ್ಲ. ಹಪ್ಪಳವನ್ನು ನಾಲ್ಕು ತುಂಡು ಮಾಡಿ, ಎಣ್ಣೆ ಸವರಿ, ಮೇಲೆ ಸ್ಟೀಲ್ ಜಾಲರಿ ಸ್ಟ್ಯಾಂಡ್ ಮುಚ್ಚಿ 180ರಲ್ಲಿ ಒಂದೂವರೆ ಎರಡು ನಿಮಿಷ. ಕಣ್ಣು ತೆಗೆಯಬೇಡಿ. ನಿಜ ಹೇಳಬೇಕೆಂದರೆ ಇದಕ್ಕಿಂತ ಗ್ಯಾಸ್ ಮೇಲೆ ಸುಡುವುದೇ ಬೇಗ.

ಬಂಗುಡೆ ರವಾ ಫ್ರೈ ಮಾಡಿದೆ, ರವೆ ಬೆಳ್ಳಗೆ ಹಾಗೇ ಉಳೀತು.

ರವೆ ಎಣ್ಣೆ ಕುಡಿಯದೆ ಕೆಂಪಾಗುವುದಿಲ್ಲ. ಮಸಾಲೆ ಹಚ್ಚಿದ ಮೀನನ್ನು ಅರ್ಧ ಗಂಟೆ ಬಿಡಿ, ರವೆಯಲ್ಲಿ ಹೊರಳಿಸಿ, ಒಣ ರವೆ ಕಾಣದಂತೆ ಬ್ರಶ್‌ನಿಂದ ಎಣ್ಣೆ ತಟ್ಟಿ. ಉಜ್ಜಿದರೆ ರವೆ ಕಿತ್ತು ಬರುತ್ತದೆ. ಇಡೀ ಬಂಗುಡೆಗೆ 190ರಲ್ಲಿ 14ರಿಂದ 16 ನಿಮಿಷ, ಒಂದೇ ಸಲ ಮಗುಚಿ. ಬಂಗುಡೆಯಲ್ಲಿ ಅದರದ್ದೇ ಜಿಡ್ಡು ಇದೆ, ಒಣಗುವುದಿಲ್ಲ. ಅಂಜಲ್ ತುಂಡು ಬೇಗ ಒಣಗುತ್ತದೆ, ಅದನ್ನು 10 ನಿಮಿಷಕ್ಕೇ ನೋಡಿ.

ನಮ್ಮ ಅತ್ತೆ ಮಾಂಸ ಮುಟ್ಟಲ್ಲ. ಒಂದು ಬುಟ್ಟಿ ಚಿಕನ್‌ಗೆ, ಇನ್ನೊಂದು ಅವರಿಗೆ ಅಂತ ಇಟ್ಟರೆ ನಡೆಯುತ್ತಾ?

ಬೇರೆ ಬೇರೆ ಕಾಯಿಲ್, ಫ್ಯಾನ್ ಇರುವ ಮಾದರಿಯಾದರೆ ಒಂದರ ಗಾಳಿ ಇನ್ನೊಂದಕ್ಕೆ ಹೋಗುವುದಿಲ್ಲ, ಜಿಡ್ಡೂ ಸೇರುವುದಿಲ್ಲ. ಎಡ, ಬಲ ಅಂತ ಖಾಯಂ ಮಾಡಿ, ಹಿಡಿಗೆ ಬಣ್ಣದ ಟೇಪ್ ಸುತ್ತಿ. ತಟ್ಟೆ, ಇಕ್ಕಳ, ಬ್ರಶ್ ಎಲ್ಲ ಬೇರೆ. ತೂತಿನ ತಟ್ಟೆಗಳು ನೋಡಲು ಒಂದೇ ಥರ ಇರುವುದರಿಂದ ತೊಳೆಯುವಾಗ ಅದಲು ಬದಲಾಗುತ್ತವೆ, ಗುರುತು ಹಾಕಿಡಿ. ಅಡ್ಡಪಟ್ಟಿಯ ಮಾದರಿಯಲ್ಲಿ ಇದು ನಡೆಯುವುದಿಲ್ಲ. ವಾಸನೆ ಅಡುಗೆಮನೆಗೆ ಬಂದೇ ಬರುತ್ತದೆ. ಅದಕ್ಕೆ ಅತ್ತೆಯವರು ಒಪ್ಪುತ್ತಾರಾ ಅಂತ ಅವರನ್ನೇ ಕೇಳಿ, ಮೆಷಿನ್ ಕೊಂಡ ಮೇಲಲ್ಲ, ಮುಂಚೆ.

## ಎರಡೂ ಬುಟ್ಟಿ ಒಟ್ಟಿಗೆ ಓಡಿಸುವಾಗ

ಸಿಂಕ್, ಮ್ಯಾಚ್ ಅಂತ ಬಟನ್ ಇದೆ. ಯಾವುದು ಯಾವಾಗ?

ಮ್ಯಾಚ್ ಒತ್ತಿದರೆ ಒಂದರ ಡಿಗ್ರಿ, ಟೈಮ್ ಇನ್ನೊಂದಕ್ಕೂ ನಕಲಾಗುತ್ತದೆ. ಒಂದೇ ಪದಾರ್ಥವನ್ನು ಎರಡಕ್ಕೂ ಹಂಚಿದಾಗ ಇದು. ಸಿಂಕ್ ಒತ್ತಿದರೆ ಎರಡೂ ಒಂದೇ ಹೊತ್ತಿಗೆ ಮುಗಿಯುತ್ತವೆ. 25 ನಿಮಿಷದ ಕಬಾಬ್ ಮೊದಲು ಶುರುವಾಗಿ, 12 ನಿಮಿಷದ ಬೆಂಡೆಕಾಯಿ 13 ನಿಮಿಷ ಕಾದು ಆಮೇಲೆ ಶುರುವಾಗುತ್ತದೆ. ಕಂಪನಿಯಿಂದ ಕಂಪನಿಗೆ ಬಟನ್ ಹೆಸರು ಬೇರೆ, ಕೆಲಸ ಇದೇ.

ಸಿಂಕ್‌ನಲ್ಲಿ ಒಂದು ತೊಡಕಿದೆ. ಕಾಯುತ್ತಿರುವ ಬುಟ್ಟಿ ಪಕ್ಕದ ಬಿಸಿಗೆ ಬೆಚ್ಚಗಾಗುತ್ತಿರುತ್ತದೆ. ಹಸಿ ಮೀನು, ಕೋಳಿಯನ್ನು ಹಾಗೆ ಕಾಯಲು ಬಿಡುವುದು ಸರಿಯಲ್ಲ. ಉಪ್ಪು ಹಾಕಿದ ತರಕಾರಿ ಆ ಹೊತ್ತಿಗೆ ನೀರು ಬಿಟ್ಟಿರುತ್ತದೆ. ಇಂಥದ್ದಕ್ಕೆ ನಾನು ಸಿಂಕ್ ಬಳಸುವುದೇ ಇಲ್ಲ, ಬುಟ್ಟಿ ಖಾಲಿ ಇಟ್ಟು ಹೊತ್ತಿಗೆ ಸರಿಯಾಗಿ ತುಂಬಿಸಿ ಹಾಕುತ್ತೇನೆ.

ಒಂದು ಬುಟ್ಟಿಯಲ್ಲಿ 15 ನಿಮಿಷಕ್ಕೆ ಆಗಿದ್ದು, ಎರಡೂ ಹಾಕಿದರೆ ಆಗ್ತಾನೇ ಇಲ್ಲ. ಕೆಟ್ಟಿದೆಯಾ?

ಕೆಟ್ಟಿಲ್ಲ. ಹಲವು ಮಾದರಿಗಳಲ್ಲಿ ಎರಡೂ ಓಡುವಾಗ ಇರುವ ವ್ಯಾಟ್ ಹಂಚಿಕೆಯಾಗುತ್ತದೆ. ಪ್ರತಿ ಬುಟ್ಟಿ ಕಾಯುವುದು ನಿಧಾನ. ಮೂರರಿಂದ ಐದು ನಿಮಿಷ ಸೇರಿಸಿ. ಒಂದು ಬುಟ್ಟಿ ತೆರೆದರೆ ಅದು ಮಾತ್ರ ನಿಲ್ಲುವ ಮಾದರಿಯಿದೆ, ಎರಡೂ ನಿಲ್ಲುವ ಮಾದರಿಯೂ ಇದೆ. ನಿಮ್ಮದು ಯಾವುದು ಅಂತ ಒಮ್ಮೆ ನೋಡಿಕೊಳ್ಳಿ.

ಒವನ್ ರೆಸಿಪಿ ಇದಕ್ಕೆ ಹೇಗೆ ಬದಲಾಯಿಸೋದು?

ಡಿಗ್ರಿಯಲ್ಲಿ 20 ಕಳೆಯಿರಿ, ಟೈಮ್‌ನಲ್ಲಿ ಐದನೇ ಒಂದು ಭಾಗ ಕಳೆಯಿರಿ. 180ರಲ್ಲಿ 25 ನಿಮಿಷ ಅಂತಿದ್ದರೆ 160ರಲ್ಲಿ 20. ಕೇಕಿಗೆ ಕಾಯಿಲ್ ತೀರಾ ಹತ್ತಿರ, ಮೇಲೆ ಬೇಗ ಕೆಂಪಾಗಿ ಒಡೆಯುತ್ತದೆ. ಉದ್ದನೆ ಬ್ರೆಡ್ ಟಿನ್ ತಗೊಂಡು ಅರ್ಧ ಮಾತ್ರ ತುಂಬಿ, 150ರಲ್ಲಿ ಇಟ್ಟು, ಬಣ್ಣ ಬಂದ ಮೇಲೆ ಟಿನ್‌ಗೆ ಫಾಯಿಲ್ ಬಿಗಿಯಾಗಿ ಮುಚ್ಚಿ.

ಕೇಕಿಗಿಂತ ಬಿಸ್ಕತ್ತು ಚೆನ್ನಾಗಿ ಬರುತ್ತದೆ. ಅಯ್ಯಂಗಾರ್ ಬೇಕರಿ ಥರದ ಖಾರಾ ಬಿಸ್ಕತ್ತು ಮಾಡಿ ನೋಡಿ. ಮೈದಾ, ಬೆಣ್ಣೆ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು, ಸ್ವಲ್ಪ ಮೊಸರು, ಚಿಟಿಕೆ ಸಕ್ಕರೆ. 150ರಲ್ಲಿ 12ರಿಂದ 14 ನಿಮಿಷ. ತೆಗೆದಾಗ ಮೆತ್ತಗಿರುತ್ತದೆ, ಆರಿದ ಮೇಲೆ ಗರಿಯಾಗುತ್ತದೆ. ಒಂದು ಬುಟ್ಟಿಗೆ ಏಳೆಂಟೇ ಹಿಡಿಯುವುದು, ಎರಡು ಬುಟ್ಟಿ ಇಲ್ಲಿ ನಿಜಕ್ಕೂ ಸಮಯ ಉಳಿಸುತ್ತದೆ.

## ಹೊಗೆ, ತೊಳೆಯೋದು, ಆರೋಗ್ಯ

ಚಿಕನ್ ಹಾಕಿದಾಗ ಬಿಳಿ ಹೊಗೆ ಬರುತ್ತೆ. ಅಪಾಯನಾ?

ಬಿಳಿ ಹೊಗೆ ಅಂದರೆ ಕೆಳಗೆ ಬಿದ್ದ ಜಿಡ್ಡು ಕಾಯುತ್ತಿದೆ. ನಡುವೆ ಒಮ್ಮೆ ಜಿಡ್ಡು ಬಗ್ಗಿಸಿ, ಅಥವಾ ತೂತಿನ ತಟ್ಟೆಯ ಕೆಳಗೆ ಒಂದು ಸ್ಲೈಸ್ ಬ್ರೆಡ್ ಇಡಿ, ಹೀರಿಕೊಳ್ಳುತ್ತದೆ. ಕಪ್ಪು ಹೊಗೆ ಬಂದರೆ ಏನೋ ಸುಡುತ್ತಿದೆ, ಪ್ಲಗ್ ಕೀಳಿ, ಹೊಗೆ ನಿಲ್ಲುವವರೆಗೆ ಬುಟ್ಟಿ ಎಳೆಯಬೇಡಿ. ಗಾಳಿ ಸಿಕ್ಕರೆ ಬೆಂಕಿ ಏಳುತ್ತದೆ.

ಕಾಗದ, ಫಾಯಿಲ್ ಹಾಕಬಹುದಾ? ತೊಳೆಯೋದು ತಪ್ಪುತ್ತಲ್ಲ.

ಹಾಕಬಹುದು, ಆದರೆ ತೂತೆಲ್ಲ ಮುಚ್ಚಿದರೆ ಗಾಳಿ ಕೆಳಗಿನಿಂದ ಬರುವುದಿಲ್ಲ, ತಳ ಹಸಿ ಉಳಿಯುತ್ತದೆ. ತೂತಿರುವ ಬೇಕಿಂಗ್ ಕಾಗದ ತಗೊಳ್ಳಿ. ಮೇಲೆ ಭಾರ ಇಲ್ಲದೆ ಖಾಲಿ ಕಾಗದ ಇಟ್ಟು ಕಾಯಿಸಲೇಬೇಡಿ, ಅದು ಹಾರಿ ಕಾಯಿಲ್‌ಗೆ ತಾಗಿ ಉರಿಯುತ್ತದೆ. ಹುಣಸೆ, ಟೊಮೆಟೊ, ನಿಂಬೆ ಇರುವುದಕ್ಕೆ ಫಾಯಿಲ್ ಬೇಡ.

ಅರಿಶಿನದ ಕಲೆ, ಅಂಟು ಜಿಡ್ಡು ಹೋಗ್ತಿಲ್ಲ. ಸ್ಟೀಲ್ ನಾರಲ್ಲಿ ಉಜ್ಜಲಾ?

ಬೇಡ ಬೇಡ. ತೆಂಗಿನ ನಾರೂ ಬೇಡ. ಪಾತ್ರೆ ತೊಳೆಯಲು ಬರುವವರಿಗೂ ಮೊದಲೇ ಹೇಳಿಡಿ, ಕೋಟಿಂಗ್ ಹೋಗುವುದು ಹೆಚ್ಚಾಗಿ ಅಲ್ಲೇ. ಬಿಸಿನೀರು, ಸೋಪು ಹಾಕಿ ಅರ್ಧ ಗಂಟೆ ನೆನೆಸಿ, ಮೆತ್ತನೆ ಸ್ಪಂಜ್ ಸಾಕು. ಗಟ್ಟಿ ಜಿಡ್ಡಿಗೆ ಅಡುಗೆ ಸೋಡಾ ನೀರಲ್ಲಿ ಕಲಸಿ ಹಚ್ಚಿ ಬಿಡಿ. ಅರಿಶಿನದ ಬಣ್ಣ ಉಳಿದರೆ ಉಳಿಯಲಿ. ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಪೂರ್ತಿ ಆರಿದ ಮೇಲೆ ಒಳಗಿನ ಕಾಯಿಲ್ ಅನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಅಲ್ಲಿ ಕೂತ ಜಿಡ್ಡೇ ಹಳೇ ವಾಸನೆಗೆ ಕಾರಣ. ಜಿರಳೆ ಬರುವುದೂ ಅದಕ್ಕೇ.

ಕೋಟಿಂಗ್ ಏಳ್ತಾ ಇದೆ. ಇದರಲ್ಲಿ ಮಾಡಿದ್ದು ತಿಂದರೆ ಕ್ಯಾನ್ಸರ್ ಅಂತಾರೆ, ನಿಜಾನಾ?

ಎರಡು ಬೇರೆ ವಿಷಯ. ನಾನ್‌ಸ್ಟಿಕ್ ಲೇಪನ ಸುಮಾರು 260 ಡಿಗ್ರಿ ದಾಟಿದರೆ ಹಾಳಾಗಿ ಹೊಗೆ ಬಿಡಲು ಶುರುಮಾಡುತ್ತದೆ. ಏರ್ ಫ್ರೈಯರ್ ಸಾಮಾನ್ಯವಾಗಿ 200, ಹೆಚ್ಚೆಂದರೆ 240ರವರೆಗೆ ಹೋಗುತ್ತದೆ. ಆದರೂ ಎದ್ದ ತಟ್ಟೆ ಬಳಸಬೇಡಿ, ತಟ್ಟೆ ಮಾತ್ರ ಬೇರೆ ಸಿಗುತ್ತದೆ. ಮನೆಯಲ್ಲಿ ಗಿಳಿ, ಲವ್ ಬರ್ಡ್ಸ್ ಇದ್ದರೆ ಅವನ್ನು ಅಡುಗೆಮನೆಯಿಂದ ದೂರ ಇಡಿ, ಅತಿಯಾಗಿ ಕಾದ ಲೇಪನದ ಹೊಗೆ ಹಕ್ಕಿಗಳ ಜೀವಕ್ಕೆ ಕುತ್ತು.

ಇನ್ನೊಂದು ಅಕ್ರಿಲಮೈಡ್ ಅನ್ನುವ ರಾಸಾಯನಿಕ. ಪಿಷ್ಟ ಜಾಸ್ತಿ ಇರುವ ಆಲೂಗಡ್ಡೆಯಂಥದ್ದನ್ನು 120 ಡಿಗ್ರಿಗಿಂತ ಮೇಲೆ ಒಣಬಿಸಿಯಲ್ಲಿ ಕೆಂಪಗೆ ಮಾಡಿದಾಗ ಇದು ಹುಟ್ಟುತ್ತದೆ. ಬಾಣಲೆಯಲ್ಲೂ ಹುಟ್ಟುತ್ತದೆ, ಒವನ್‌ನಲ್ಲೂ ಅಷ್ಟೇ, ಏರ್ ಫ್ರೈಯರ್ ಒಂದಕ್ಕೇ ಅಂಟಿದ ದೋಷ ಅಲ್ಲ. ಪ್ರಯೋಗಾಲಯದ ಪ್ರಾಣಿಗಳಲ್ಲಿ ಹೆಚ್ಚು ಪ್ರಮಾಣ ಕೊಟ್ಟಾಗ ಕ್ಯಾನ್ಸರ್ ಕಂಡಿದೆ, ಊಟದಲ್ಲಿ ಸೇರುವ ಪ್ರಮಾಣದಿಂದ ಮನುಷ್ಯರಿಗೆ ಬರುತ್ತದೆ ಅಂತ ಸಾಬೀತಾಗಿಲ್ಲ. ಹೊಂಬಣ್ಣಕ್ಕೆ ನಿಲ್ಲಿಸಿ, ಕಂದು ಮಾಡಬೇಡಿ. ನೆನೆಸಿ ಹಾಕುವುದರಿಂದಲೂ ಕಡಿಮೆಯಾಗುತ್ತದೆ. ಹಸಿ ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿ ಇಡಬೇಡಿ, ತಂಪಿನಲ್ಲಿ ಅದರ ಸಕ್ಕರೆ ಅಂಶ ಏರುತ್ತದೆ, ಅದರಿಂದ ಅಕ್ರಿಲಮೈಡ್ ಹೆಚ್ಚಾಗಬಹುದು.

ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿಂದ ತರಿಸಲಾ? ಅಲ್ಲಿ ಅಗ್ಗ ಅಂತೆ.

ಬೇಡ. ಅಲ್ಲಿಯದು 120 ವೋಲ್ಟ್‌ದು, ನಮ್ಮ 230ಕ್ಕೆ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ. ಇಷ್ಟು ವ್ಯಾಟ್‌ಗೆ ಬೇಕಾದ ಟ್ರಾನ್ಸ್‌ಫಾರ್ಮರ್ ಭಾರವೂ ಹೌದು, ದುಬಾರಿಯೂ ಹೌದು. ಇಂಗ್ಲೆಂಡಿನಿಂದ ಬರುವವರು ತಂದರೆ ವೋಲ್ಟೇಜ್ ಹೊಂದುತ್ತದೆ, ಆದರೆ ಪ್ರಯಾಣಕ್ಕೆ ಬಳಸುವ ಸಣ್ಣ ಅಡಾಪ್ಟರ್‌ಗೆ ಹಾಕಬಾರದು. ಎಲೆಕ್ಟ್ರೀಷಿಯನ್ ಹತ್ತಿರ 16 ಆಂಪಿಯರ್ ಪ್ಲಗ್ ಹಾಕಿಸಿ. ವಾರಂಟಿ ಇಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ, ತಟ್ಟೆ ಹೋದರೆ ಅದೇ ಅಳತೆಯದು ಸಿಗುವುದೂ ಕಷ್ಟ.